ಬಂದೂಕಿನ ಮೇಲಿನ ಖಾಲಿ ಎಲೆ

ಯಾರ ಮನೆಗಾದರೂ ಹೋಗುವ ಮೊದಲು ‘ಬರಬಹುದಾ?’ ಎಂದು ಮೆಸೇಜು ಕಳಿಸಿ, ಉತ್ತರ ಬರುವವರೆಗೆ ಕೈಕಟ್ಟಿಕೊಂಡು ಕೂರುವ ಚಟ ನನಗೆ ಯಾವಾಗ ಅಂಟಿತೋ ತಿಳಿಯದು. ಹುಟ್ಟಿ ಬೆಳೆದದ್ದು ಮೈಸೂರು. ಅಲ್ಲಿ ನೆಂಟರು ಬರುವ ಸೂಚನೆ ಎಂದರೆ ಗೇಟಿನ ಕಿರುಗುಟ್ಟುವಿಕೆ, ಅದರ ಹಿಂದೆ ಚಪ್ಪಲಿ ಬಿಡುವ ಸದ್ದು. ಅಷ್ಟರಲ್ಲಿ ಅಮ್ಮ ಸಾರಿಗೆ ಒಂದು ಲೋಟ ನೀರು ಸೇರಿಸಿ ಕುದಿಯಲು ಬಿಟ್ಟಿರುತ್ತಿದ್ದಳು. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನಾನು ಪಕ್ಕದ ಮನೆಗೆ ನಮ್ಮ ಗಿಡದ ನಾಲ್ಕು ನಿಂಬೆಹಣ್ಣು ಕೊಡುವುದಕ್ಕೂ ಎರಡು ದಿನ ಮುಂಚೆ ತಿಳಿಸುವ ಹೆಂಗಸಾಗಿಬಿಟ್ಟಿದ್ದೆ. ಇದನ್ನು ಸಭ್ಯತೆ ಎಂದೇ ತಿಳಿದಿದ್ದೆ. ಅದು ಸಭ್ಯತೆಯಲ್ಲ ಎಂದು ಗೊತ್ತಾದದ್ದು 2019ರಲ್ಲಿ.

ಇನ್ನೊಂದು ತಪ್ಪೊಪ್ಪಿಗೆಯನ್ನೂ ಈಗಲೇ ಮುಗಿಸಿಬಿಡುತ್ತೇನೆ. ಅದಕ್ಕೆ ನಾಲ್ಕೈದು ವರ್ಷ ಮೊದಲು ನಾನು ಇಲ್ಲಿನ ಮೌಂಟ್ ಆಲ್ಬರ್ಟ್ ಬಡಾವಣೆಯ ಒಂದು ಸಭಾಭವನದಲ್ಲಿ ಎಂಟು ಶನಿವಾರ ಟೋಲ್ಟೆಕ್ ಅಧ್ಯಾತ್ಮ ಕಲಿತೆ. ಟೋಲ್ಟೆಕ್ಕರು ಮೆಕ್ಸಿಕೋ ಸೀಮೆಯ ಪುರಾತನ ಜನ. ಪಾಠ ಹೇಳಿದ ಲಿನೆಟ್ ಈಜು ಕಲಿಸಿ ನಿವೃತ್ತಳಾದ ‘ಕಿವಿ’ ಹೆಂಗಸು, ಅಂದರೆ ನ್ಯೂಜಿಲೆಂಡಿನವಳೇ. ಮೆಕ್ಸಿಕೋದಲ್ಲಿ ಮೂರು ವಾರ ಇದ್ದು ಬಂದವಳು. ನಮ್ಮ ತಾತ ಮನೆಯ ಜಗಲಿಯಲ್ಲಿ ಉಪನಿಷತ್ತಿನ ಪಾಠ ಹೇಳುತ್ತಿದ್ದಾಗ ಹಿಂಬಾಗಿಲಿನಿಂದ ಓಡಿಹೋಗುತ್ತಿದ್ದ ನಾನು, ದುಡ್ಡು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಈಜಿನ ಟೀಚರ ಬಾಯಲ್ಲಿ ಮೆಕ್ಸಿಕೋದ ಮಾತು ಕೇಳಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಕಲಿತದ್ದರಲ್ಲಿ ಈಗ ನೆನಪಿರುವುದು ಹೊಗೆಯಾಡುವ ಕನ್ನಡಿ ಒಂದೇ. ಒಬ್ಬೊಬ್ಬ ಮನುಷ್ಯನೂ ಒಂದು ಕನ್ನಡಿಯಂತೆ. ಕನ್ನಡಿಗೂ ಕನ್ನಡಿಗೂ ನಡುವೆ ಹೊಗೆಯಂತೆ. ಎದುರಿನವರನ್ನು ನೋಡುತ್ತಿದ್ದೇವೆ ಎಂದುಕೊಂಡು ನಾವು ಆ ಹೊಗೆಯಲ್ಲಿ ನಮ್ಮದೇ ಕನಸನ್ನು ನೋಡುತ್ತಿರುತ್ತೇವಂತೆ. ಹಾಗಾಗಿ ಇನ್ನೊಬ್ಬರ ಸಿಟ್ಟು, ಸಂಕಟಗಳನ್ನು ತಲೆಯ ಮೇಲೆ ಹಾಕಿಕೊಳ್ಳಬಾರದು, ಅದು ಅವರ ಕನಸು ಎಂದಳು ಲಿನೆಟ್. ಕೊನೆಯ ಶನಿವಾರ ಎಲ್ಲರಿಗೂ ಒಂದೊಂದು ತುಂಡು ಕರಿಗಾಜು ಹಂಚಿದಳು. ಜ್ವಾಲಾಮುಖಿ ಕಾರಿದ ಗಾಜು. ಆ ಜನ ಅದನ್ನೇ ಉಜ್ಜಿ ಕನ್ನಡಿ ಮಾಡಿಕೊಳ್ಳುತ್ತಿದ್ದರಂತೆ. ಬೆಳಕಿಗೆ ಹಿಡಿದು ನೋಡಿದರೆ ನನ್ನ ಮೂಗು ಮಾತ್ರ ಮಸುಕಾಗಿ ಕಾಣಿಸಿತು. ನನ್ನ ಮೂಗು ಹೇಗೂ ಎಲ್ಲ ಕನ್ನಡಿಯಲ್ಲೂ ಮೊದಲು ಕಾಣಿಸುವಂಥದ್ದು.

ಆಮೇಲೆ ಲೈಬ್ರರಿಯಿಂದ ಪುಸ್ತಕ ತಂದು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಇದರಲ್ಲಿ ನಿಜಕ್ಕೂ ಟೋಲ್ಟೆಕ್ಕರದ್ದು ಎಷ್ಟು, ಆಮೇಲಿನವರು ಕಟ್ಟಿದ್ದು ಎಷ್ಟು ಎಂಬುದರ ಬಗ್ಗೆ ವಿದ್ವಾಂಸರಿಗೇ ಅನುಮಾನ. ಅವರ ನಂತರ ಬಂದ ಜನರ ಭಾಷೆಯಲ್ಲಿ ಆ ಹೆಸರಿಗೆ ಕುಶಲಕರ್ಮಿ ಎಂದೇ ಅರ್ಥವಿತ್ತು. ಕಲ್ಲು ಕೆತ್ತುವವ, ಗರಿ ಹೆಣೆಯುವವ, ಚಿನ್ನ ಕೂರಿಸುವವ, ಎಲ್ಲರೂ ಟೋಲ್ಟೆಕ್ಕರೇ. ಇದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಖಾದರ್ ಕಾಕಾ.

ಕಾಕಾ ನನಗೆ ಸಿಕ್ಕಿದ್ದು ಬಾಯಿಯ ಮೂಲಕ. ನನ್ನ ಕಸುಬು ಹಲ್ಲು ಕಟ್ಟುವುದು. ಒಂದು ಬೆಳಗ್ಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದು ನನ್ನ ಕುರ್ಚಿಯಲ್ಲಿ ಕೂತರು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಗೋಡೆಯ ಮೇಲಿನ ನನ್ನ ಹೆಸರನ್ನು ಓದಿ, “ವಸುಧಾ ಅಂದ್ರ ನಮ್ಮ ಕಡಿ ಹೆಸರಿದ್ದಂಗ ಅದ. ಕನ್ನಡದೋರೇನ್ರಿ?” ಎಂದರು. ಬೀದರಿನವರು. ನ್ಯೂ ನಾರ್ತ್ ರಸ್ತೆಯಲ್ಲಿ ಬಹಳ ವರ್ಷ ಗಡಿಯಾರ, ಬೀಗ ರಿಪೇರಿಯ ಅಂಗಡಿ ಇಟ್ಟಿದ್ದು, ಈಗ ಮಗಳು ನಸ್ರೀನಳ ಮನೆಯಲ್ಲಿದ್ದರು. ನಾನು ಅಂಕಲ್ ಎಂದೆ. ಅಂಕಲ್ ಅನ್ನಿಸಿಕೊಂಡು ಸಾಕಾಗಿದೆ, ಕಾಕಾ ಅನ್ನಿ ಎಂದರು. ನಾನು ಅವರಿಗೆ ತಂಗಿಯಾದೆ.

ಹಲ್ಲಿನ ಸೆಟ್ಟು ತಯಾರಾಗಿ ಬಾಯಿಗೆ ಕೂರಿಸಿದ ಮೇಲೆ ಒಂದು ವಿಚಿತ್ರ ದೂರು ಬಂತು. “ಬಾಯಿ ಅಂಗುಳ ಪೂರಾ ಮುಚ್ಚಿಬಿಟ್ಟೀರಲ್ಲ ತಂಗೀ, ಇನ್ನ ಮಣ್ಣಿನ ರುಚಿ ಹ್ಯಾಂಗ ನೋಡ್ಲಿ?” ಊಟದ ರುಚಿ ಗೊತ್ತಾಗುತ್ತಿಲ್ಲ ಎಂದು ಗೊಣಗಿದವರನ್ನು ಕಂಡಿದ್ದೇನೆ, ಮಣ್ಣಿನ ರುಚಿಗಾಗಿ ಚಿಂತಿಸಿದವರನ್ನು ಕಂಡಿರಲಿಲ್ಲ. ವಿಷಯ ಇಷ್ಟು. ಅವರದು ಬಿದರಿ ಕೆಲಸದ ಮನೆತನ. ಲೋಹದಲ್ಲಿ ಬಳ್ಳಿ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ಕುದಿಸಿ ಬಳಿಯುತ್ತಾರೆ. ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಮಳೆ ಬಿಸಿಲು ಕಾಣದ ಮೂಲೆಯದ್ದೇ ಆಗಬೇಕು. ಹೌದೋ ಅಲ್ಲವೋ ಎಂದು ಪತ್ತೆ ಹಚ್ಚುವುದು ನಾಲಗೆಯಿಂದಲೇ.

ಅವರ ಮನೆಯ ಗೋಡೆಯ ಮೇಲೊಂದು ಬಂದೂಕು ಇತ್ತು. ಬತ್ತಿ ಹಚ್ಚಿ ಹಾರಿಸುತ್ತಿದ್ದ ಕಾಲದ್ದು, ಉದ್ದದಲ್ಲಿ ನನಗಿಂತ ಒಂದು ಗೇಣು ಹೆಚ್ಚು, ನಳಿಕೆಗೆ ಯಾರೋ ಯಾವಾಗಲೋ ಸೀಸ ಹೊಯ್ದು ಮುಚ್ಚಿದ್ದರು. ಮರದ ಹಿಡಿಯ ಮೇಲೆ ಅಂಗೈಯಗಲದ ಬಿದರಿ ತಗಡು. ಅದರ ತುಂಬ ಬೆಳ್ಳಿಯ ಬಳ್ಳಿ. ಕಾಕಾ ಅವರ ಮುತ್ತಜ್ಜ ನವಾಬರೊಬ್ಬರ ಆಯುಧಶಾಲೆಗೆ ಇಂಥವನ್ನು ಅಲಂಕರಿಸಿ ಕೊಡುತ್ತಿದ್ದರಂತೆ. ಈ ದೇಶಕ್ಕೆ ಬಂದ ದಿನ ಕಾಕಾ ವಿಮಾನ ನಿಲ್ದಾಣದಲ್ಲಿ ಎರಡು ವಸ್ತುಗಳನ್ನು ಮೇಜಿನ ಮೇಲಿಟ್ಟರು: ಕಾಗದಪತ್ರ ಸಮೇತ ಈ ಬಂದೂಕು, ಮತ್ತು ಹಾರ್ಲಿಕ್ಸ್ ಡಬ್ಬಿಯ ತುಂಬ ಬೀದರಿನ ಮಣ್ಣು. ಅಧಿಕಾರಿಗಳು ಬಂದೂಕನ್ನು ಹಿಂದೆ ಮುಂದೆ ತಿರುಗಿಸಿ, ಪುರಾತನ ವಸ್ತು ಎಂದು ಒಳಗೆ ಬಿಟ್ಟರು. ಮಣ್ಣನ್ನು ಮಾತ್ರ ಕೈಗವಸು ಹಾಕಿಕೊಂಡು ಒಯ್ದರು. ಪರದೇಶದ ಮಣ್ಣಿನಲ್ಲಿ ಯಾವ ಹುಳವೋ ಯಾವ ರೋಗವೋ ಎಂಬ ಭಯ ಇಲ್ಲಿ ದೊಡ್ಡದು. ಈ ಕತೆಯನ್ನು ಕಾಕಾ ನನಗೆ ಕನಿಷ್ಠ ಹತ್ತು ಸಲ ಹೇಳಿದ್ದಾರೆ, ಹತ್ತು ಸಲವೂ ಇಬ್ಬರೂ ನಕ್ಕಿದ್ದೇವೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಕೆಲಸದ ಮೇಜು. ಹಳೆಯ ಆಯುಧ ಕೂಡಿಡುವ ಹುಚ್ಚಿರುವ ಕಿವಿ ಜನ ಅಲ್ಲಿಗೆ ತುರ್ಕಿಯ ಪಿಸ್ತೂಲು, ಇರಾನಿನ ನಳಿಕೆ, ಅಫ್ಘಾನರ ಬಾಗಿದ ಹಿಡಿಯ ಉದ್ದನೆಯ ಬಂದೂಕುಗಳನ್ನು ತರುತ್ತಿದ್ದರು. ಕಾಕಾ ಅವುಗಳಿಂದ ಕಳಚಿಬಿದ್ದ ಬೆಳ್ಳಿಯನ್ನು ಮತ್ತೆ ಕೂರಿಸಿಕೊಡುತ್ತಿದ್ದರು. ನಾನು ಎರಡು ವಾರಕ್ಕೊಮ್ಮೆ ಭಾನುವಾರ ಹೋಗಿ ಮೇಜಿನ ಪಕ್ಕ ಕೂರುತ್ತಿದ್ದೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಜಡೆಯಂತೆ ತಿರುಚಿ ಬಡಿದು ಮಾಡಿದ ನಳಿಕೆಯ ಮೇಲೆ ನೀರಿನ ಅಲೆಯಂಥ ಗೆರೆ ಏಳುವುದನ್ನು ಅಲ್ಲಿಯೇ ನೋಡಿದ್ದು. ಬಂದೂಕು ಎಂಬ ಮಾತು ಅರಬ್ಬಿಯಲ್ಲಿ ಒಂದು ಬಗೆಯ ಕಾಯಿಯ ಹೆಸರಿನಿಂದ ಬಂದದ್ದು ಎಂದು ಕೇಳಿದ್ದೂ ಅಲ್ಲಿಯೇ. ಆ ಕಾಯಿ ಇಲ್ಲಿನ ಅಂಗಡಿಗಳಲ್ಲಿ ಚಾಕಲೇಟಿನೊಳಗೆ ಸಿಗುತ್ತದೆ. ಒಮ್ಮೆ ಒಂದು ನಳಿಕೆಯ ಮೇಲೆ ಚಿನ್ನದ ಅಕ್ಷರ ತೋರಿಸಿ, ‘ಓ ಕಾಪಾಡುವವನೇ’ ಎಂದು ದೇವರನ್ನು ಕರೆದಿದ್ದಾರೆ ಎಂದರು. ಕೊಲ್ಲುವ ಸಾಮಾನಿನ ಮೇಲೆ ಕಾಪಾಡುವವನ ಹೆಸರೇ ಎಂದು ಕೇಳಿದೆ. “ಬರದಾಂವ ಬ್ಯಾರೆ, ಹೊಡದಾಂವ ಬ್ಯಾರೆ, ತಂಗೀ. ನಾವು ಬರಿಯೋ ಮಂದಿ,” ಎಂದರು. ಅವರು ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಟೋಲ್ಟೆಕ್ ಎಂದರೆ ಕುಶಲಕರ್ಮಿ ಎಂದು ನಾನು ಹೇಳಿದಾಗ, ಹಾಗಾದರೆ ನಮ್ಮ ಮುತ್ತಜ್ಜನೂ ಟೋಲ್ಟೆಕ್ಕೇ ಎಂದು ಖುಷಿಪಟ್ಟರು. ನನ್ನ ಕರಿಗಾಜಿನ ತುಂಡನ್ನು ಅವರಿಗೇ ಕೊಟ್ಟೆ. ಅದನ್ನು ಕಿಟಕಿಯ ಬಳಿ ಇಟ್ಟು, ಕಪ್ಪು ಅಂದರೆ ಇದು, ನಮ್ಮ ಮಣ್ಣು ಕೊಡುವ ಕಪ್ಪು ಇದೇ ಎಂದರು.

ಗೋಡೆಯ ಬಂದೂಕಿನ ಬಳ್ಳಿಯಲ್ಲಿ ಒಂದೇ ಒಂದು ಎಲೆ ಖಾಲಿ ಇತ್ತು. ಕೊರೆದಿದ್ದರು, ಬೆಳ್ಳಿ ತುಂಬಿರಲಿಲ್ಲ. ಅದು ಅವರ ಮನೆತನದ ಪದ್ಧತಿ. ಪೂರ್ತಿಯಾದ ಕೆಲಸ ಗಿರಾಕಿಯದ್ದು; ಮನೆಯಲ್ಲೇ ಉಳಿಸಿಕೊಳ್ಳಬೇಕಾದದ್ದರಲ್ಲಿ ಒಂದು ಎಲೆ ಬಿಡಬೇಕು. ಎಲೆ ತುಂಬಿದ ದಿನ ವಸ್ತು ಮನೆ ಬಿಡುತ್ತದೆ. ನಾನು ಹಲ್ಲಿನ ಸೆಟ್ಟಿಗೆ ತಂತಿ ಬಗ್ಗಿಸುವುದನ್ನು ನೋಡಿ ಕಾಕಾ ಒಂದು ದಿನ ಹೇಳಿದರು: “ನಿಮ್ಮ ಕೈ ಛಲೋ ಅದ. ನಸ್ರೀನಗ ಇದರಾಗ ಮನಸಿಲ್ಲ. ಆ ಕೊನೀ ಎಲಿ ನೀವೇ ತುಂಬ್ರಿ. ಯಾವಾಗಂತ ನಾ ಹೇಳ್ತೀನಿ.” ನಾನು ಒಪ್ಪಿದೆ. ಹಗುರವಾಗಿ ಒಪ್ಪಿದೆ ಎಂದು ಈಗ ಅನ್ನಿಸುತ್ತದೆ. ಅಲ್ಲಿಂದ ಮೂರು ವರ್ಷ ಆ ಎಲೆಯ ಮಾತು ಬರಲಿಲ್ಲ. ಬರುತ್ತಿದ್ದ ಮಾತು ನನ್ನ ಮೆಸೇಜಿನದ್ದು. ಹೋಗುವ ಭಾನುವಾರಗಳಲ್ಲೆಲ್ಲ ‘ಬರಬಹುದಾ?’ ಎಂದು ನಾನು ಕೇಳುವುದು, ನಸ್ರೀನ್ ಹೂಂ ಎನ್ನುವುದು, ನಾನು ಹೋದ ಮೇಲೆ ಕಾಕಾ ಅಣಕಿಸುವುದು. “ಫೋನ್ ಮಾಡಿ ಬರಾಕ ನಾನೇನ್ ಡಾಕ್ಟರೇನ್ರಿ?”

2019ರ ಮಾರ್ಚಿನ ಆ ಶುಕ್ರವಾರ ನಾನು ಒಬ್ಬ ಅಜ್ಜಿಯ ಬಾಯಿಯ ಅಚ್ಚು ತೆಗೆಯುತ್ತಿದ್ದೆ. ಕ್ರೈಸ್ಟ್‌ಚರ್ಚ್ ನಗರದ ಮಸೀದಿಯಲ್ಲಿ ನಮಾಜಿಗೆ ಕೂತಿದ್ದವರ ಮೇಲೆ ಗುಂಡು ಹಾರಿದೆ ಎಂದು ರೇಡಿಯೋ ಹೇಳಿತು. ಅಚ್ಚು ಗಟ್ಟಿಯಾಗುವವರೆಗೆ ಅಜ್ಜಿ ಬಾಯಿ ತೆರೆದೇ ಇರಬೇಕಿತ್ತು. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಐವತ್ತೊಂದು ಜನ ಸತ್ತರು. ಮರುದಿನ ಬೆಳಗ್ಗೆ ನಾನು ನಸ್ರೀನಳಿಗೆ ಇಂಗ್ಲಿಷಿನಲ್ಲಿ ಮೆಸೇಜು ಮಾಡಿದೆ: ನಿಮ್ಮನ್ನೇ ನೆನೆಯುತ್ತಿದ್ದೇವೆ, ಏನಾದರೂ ಬೇಕಿದ್ದರೆ ತಿಳಿಸಿ. ಥ್ಯಾಂಕ್ಯೂ, ಪರವಾಗಿಲ್ಲ ಎಂದು ಉತ್ತರ ಬಂತು. ನಾನು ಅದನ್ನು ಬರಬೇಡಿ ಎಂದು ಓದಿಕೊಂಡೆ.

ಏನೂ ಮಾಡಲಿಲ್ಲ ಎಂದಲ್ಲ. ಎಲ್ಲರಂತೆ ನಾನೂ ಒಂದು ಮಸೀದಿಯ ಗೇಟಿಗೆ ಹೋಗಿ, ಸಾವಿರ ಹೂಗುಚ್ಛಗಳ ನಡುವೆ ನನ್ನದೂ ಒಂದನ್ನು ಇಟ್ಟು, ಗುರುತಿಲ್ಲದ ಹೆಂಗಸರನ್ನು ತಬ್ಬಿ ಅತ್ತು ಬಂದೆ. ಐದು ನಿಮಿಷದ ದಾರಿಯಲ್ಲಿದ್ದ ಕಾಕಾ ಮನೆಗೆ ಹೋಗಲಿಲ್ಲ. ಅದೇ ವಾರ ನಮ್ಮ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಊರಿನಿಂದ ಬಂದ ಒಂದು ಕೆಟ್ಟ ಮಾತನ್ನು, ಸತ್ತವರಿಗೆ ಹೀಗೇ ಆಗಬೇಕಿತ್ತು ಎನ್ನುವಂಥದ್ದನ್ನು, ದಾಟಿಸಿದರು. ಹತ್ತು ನಿಮಿಷದಲ್ಲಿ ಅಳಿಸಿದರು. ಅಷ್ಟರಲ್ಲಿ ನಸ್ರೀನ್ ಗುಂಪು ಬಿಟ್ಟುಹೋದಳೆಂದು ಪರದೆಯ ಮೇಲೆ ಒಂದು ಸಾಲು ಬಂತು. ಅರವತ್ತು ಮನೆಯವರು ಆ ಸಾಲನ್ನು ನೋಡಿದೆವು, ಒಬ್ಬರೂ ಏನೂ ಬರೆಯಲಿಲ್ಲ. ನಾನು ಗುಂಪಿನ ಸದ್ದು ಅಡಗಿಸಿ ಫೋನನ್ನು ಕವುಚಿಟ್ಟೆ. ಯಾವ ಮುಖ ಹೊತ್ತುಕೊಂಡು ಅವರ ಮನೆಗೆ ಹೋಗಲಿ ಎನ್ನಿಸಿತು. ಆಗ ಲಿನೆಟ್ಟಳ ಪಾಠ ಕೈಹಿಡಿಯಿತು: ಅವರ ದುಃಖ ಅವರದು, ಅದರ ನಡುವೆ ನಾನು ಹೋಗಿ ನಿಲ್ಲಬಾರದು. ಹೀಗೆ ಸಾವಿರ ವರ್ಷದ ಅರಿವನ್ನು ನಾನು ಮನೆಯಲ್ಲಿ ಕೂರುವುದಕ್ಕೆ ನೆಪ ಮಾಡಿಕೊಂಡೆ.

ಏಳು ವಾರದ ನಂತರ ನಸ್ರೀನಳಿಂದ ಮೆಸೇಜು ಬಂತು. ಅಬ್ಬಾ, ಅಂದರೆ ಅಪ್ಪ, ಬಹಳ ಇಳಿದುಹೋಗಿದ್ದಾರೆ, ಸೆಟ್ಟು ಸಡಿಲವಾಗಿದೆ, ಬಂದು ನೋಡಬಹುದಾ ಎಂದು. ಹಲ್ಲಿಗೆ ಕರೆದರು, ಚೀಲ ಎತ್ತಿಕೊಂಡು ಹೋದೆ.

ಗೋಡೆಯ ಮೇಲೆ ಬಂದೂಕು ಇರಲಿಲ್ಲ. ಎರಡು ಮೊಳೆ, ಅವುಗಳ ನಡುವೆ ಬಣ್ಣ ಮಾಸದ ಒಂದು ಉದ್ದನೆಯ ಗುರುತು. ಕಾಕಾ ಸೆಟ್ಟು ತೆಗೆದು ನನ್ನ ಕೈಗಿಟ್ಟರು. ನಾನು ಅದರ ಒಳಬದಿಗೆ ಹೊಸ ಪದರ ಕೊಡುತ್ತಾ ಕೂತಾಗ, ನಸ್ರೀನ್ ನಡೆದದ್ದನ್ನು ಹೇಳಿದಳು. ಆ ಶುಕ್ರವಾರದ ಮಾರನೆಯ ದಿನ ಏಳು ವರ್ಷದ ಮೊಮ್ಮಗಳು ಸನಾ ಗೋಡೆ ನೋಡಿ, “ನಾನಾ, ಇದೂ ಅಂಥದ್ದೇನಾ?” ಎಂದು ತಾತನನ್ನು ಇಂಗ್ಲಿಷಿನಲ್ಲಿ ಕೇಳಿದಳಂತೆ. ಆಮೇಲೆ ಆ ಕೋಣೆಯಲ್ಲಿ ಊಟಕ್ಕೆ ಕೂರಲಿಲ್ಲ. ಎರಡು ದಿನ ನೋಡಿ, ಕಾಕಾ ಬಂದೂಕನ್ನು ಇಳಿಸಿ ಶೆಡ್ಡಿಗೆ ಒಯ್ದರು. ಆಗ ಎಷ್ಟೋ ಜನ ಮನೆಯ ಬಂದೂಕನ್ನು ನಾಶ ಮಾಡಲು ಪೊಲೀಸರಿಗೆ ಒಪ್ಪಿಸುತ್ತಿದ್ದರು; ಇದನ್ನೂ ಹಾಗೆಯೇ ಕೊಟ್ಟುಬಿಡಬಹುದಿತ್ತು. ಆದರೆ ಅರ್ಧ ಕೆಲಸ ಮನೆಯಿಂದ ಹೊರಗೆ ಹೋಗುವಂತಿಲ್ಲವಲ್ಲ. ಎಲೆ ತುಂಬಬೇಕಿತ್ತು. ಬೆಳ್ಳಿಯ ತಂತಿ ತೆಗೆದು ಮೇಜಿನ ಮೇಲಿಟ್ಟು ಭಾನುವಾರಕ್ಕಾಗಿ ಕಾದರು. ಮೂರು ಭಾನುವಾರ ಕಾದರು. “ವಸುಧಾ ಬರ್ತಾಳ, ಅಕೀಗೆ ಮಾತು ಕೊಟ್ಟೀನಿ ಅಂತಿದ್ರು ಅಬ್ಬಾ, ಆಂಟಿ. ನಾನೇ ಫೋನ್ ಮಾಡ್ತೀನಿ ಅಂದ್ರ, ಬ್ಯಾಡ, ಇಂಥಾ ಹೊತ್ತಿನ್ಯಾಗ ಕರೀಬಾರದು, ತಾನೇ ಬರ್ತಾಳ ಅಂದ್ರು.”

ಕಾಕಾ ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ ನಡುಗುವ ಕೈಯಲ್ಲಿ ತಾವೇ ಎಲೆ ತುಂಬಿದರಂತೆ. ತುದಿ ಸೊಟ್ಟಗಾಯಿತು. ಉಜ್ಜಿದ್ದರಿಂದ ಸುತ್ತಲಿನ ಲೋಹ ಬೂದಿಬಣ್ಣಕ್ಕೆ ತಿರುಗಿತ್ತು; ಕಪ್ಪು ಬರಿಸಲು ಮಣ್ಣಿಲ್ಲ. ಸೆಟ್ಟು ತೆಗೆದಿಟ್ಟು ಹಿತ್ತಲಿನ ಮಣ್ಣು, ಮೌಂಟ್ ಆಲ್ಬರ್ಟ್ ಗುಡ್ಡದ ಮಣ್ಣು, ಎಲ್ಲವನ್ನೂ ನಾಲಗೆಗೆ ಇಟ್ಟು ನೋಡಿದರು, ಕುದಿಸಿ ಬಳಿದರು. ಬರಲಿಲ್ಲ. ಹಾಗೆಯೇ ಪೊಲೀಸ್ ಠಾಣೆಗೆ ಒಯ್ದರು. ಇದು ಪುರಾತನ ವಸ್ತು, ಇದನ್ನು ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಮ್ಯೂಸಿಯಮ್ಮಿಗಾದರೂ ಕೊಡಿ ಎಂದು ಅಲ್ಲಿದ್ದ ಹುಡುಗಿ ಎರಡು ಸಲ ಹೇಳಿದಳಂತೆ. ಕಾಕಾ ಕೇಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಇನ್ನೊಂದು ಮಗು ಬಂದು ಅದನ್ನೇ ಕೇಳುತ್ತದೆ ಎಂದರಂತೆ.

ಸೆಟ್ಟು ಬಾಯಿಗಿಟ್ಟು, ಕಚ್ಚಿ ನೋಡಿ, ಸರಿ ಇದೆ ಎಂದು ಕಾಕಾ ತಲೆಯಾಡಿಸಿದರು. ನಾನು ಸಮಜಾಯಿಷಿ ಶುರು ಮಾಡಿದೆ. “ನಿಮಗೆ ಯಾರೂ ಬರೋದು ಬೇಡ ಅನ್ಸಿರುತ್ತೆ ಅಂದ್ಕೊಂಡೆ ಕಾಕಾ. ನೀವು ಹೇಳಿದ್ರೆ ಬರೋಣ ಅಂತ…” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು.

“ಸಾವಿನ ಮನಿಗೆ ಯಾರಾದ್ರೂ ಕರೀತಾರೇನ್, ತಂಗೀ?”

ಕ್ರೈಸ್ಟ್‌ಚರ್ಚಿನ ಸಾವು ಅವರ ಮನೆಯದೂ ಆಗಿತ್ತು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆ ಹೋಗಬೇಕು. ನಮ್ಮಜ್ಜಿ ಇದನ್ನು ನನಗೆ ಅಕ್ಷರ ಕಲಿಯುವ ಮೊದಲೇ ಹೇಳಿದ್ದಳು. ಬೀದರಿನಲ್ಲೂ ಅದೇ, ಮೈಸೂರಿನಲ್ಲೂ ಅದೇ. ಮೆಕ್ಸಿಕೋದಲ್ಲೂ ಬೇರೆ ಇರಲಾರದು. ನಾನು ಹೊಗೆಯಲ್ಲಿ ಕಂಡದ್ದು ಕಾಕಾಗೆ ಏಕಾಂತ ಬೇಕು ಎಂದು. ನಿಜಕ್ಕೂ ಕಂಡದ್ದು ನನ್ನದೇ ಅಂಜಿಕೆಯನ್ನು. ಅದು ಗೊತ್ತಾಗುವ ಹೊತ್ತಿಗೆ ಬಂದೂಕು ಎಲ್ಲೋ ಯಂತ್ರದ ಬಾಯಲ್ಲಿ ಪುಡಿಯಾಗಿ ಹೋಗಿತ್ತು. ಆ ಸೊಟ್ಟ ಎಲೆಯನ್ನು ನಾನು ನೋಡಲೇ ಇಲ್ಲ. ಈಗಲೂ ತಂತಿ ಬಗ್ಗಿಸುವಾಗ ಕೆಲವೊಮ್ಮೆ ಅದರ ತುದಿ ಹೇಗಿದ್ದಿರಬಹುದು ಎಂದು ಯೋಚಿಸಿ, ಕೈಯಲ್ಲಿದ್ದ ತಂತಿ ಕೆಡಿಸುತ್ತೇನೆ.

ಆ ವರ್ಷ ಇಲ್ಲಿನ ಆಗಸ್ಟಿನ ಚಳಿಯಲ್ಲಿ ಕಾಕಾ ಅವರ ಅಳಿಯನಿಗೆ ಹ್ಯಾಮಿಲ್ಟನ್ನಿನಲ್ಲಿ ಕೆಲಸವಾಗಿ ಅವರೆಲ್ಲ ಅಲ್ಲಿಗೆ ಹೊರಟುಹೋದರು. ವಿಳಾಸ ನಸ್ರೀನ್ ಕಳಿಸಿದ್ದಳು. ಅಷ್ಟು ದೂರ ಸುಮ್ಮನೆ ಹೋಗುವುದೆಂತು ಎಂದು ಮೂರು ತಿಂಗಳು ಕಳೆದೆ. ‘ಬರಬಹುದಾ?’ ಎಂದು ಬರೆಯುವುದು, ಅಳಿಸುವುದು. ನವೆಂಬರಿನ ಒಂದು ಭಾನುವಾರ ಬರೆಯದೆಯೇ ಫೋನನ್ನು ಮನೆಯಲ್ಲಿ ಬಿಟ್ಟು ಕಾರು ಹತ್ತಿದೆ. ಫೋನಿಲ್ಲದೆ ದಾರಿ ತಪ್ಪಿ, ಒಂದು ಡೈರಿ ಅಂಗಡಿಯಲ್ಲಿ ಹಾಲಿನ ಕ್ಯಾನು ಇಳಿಸುತ್ತಿದ್ದವನನ್ನು ಕೇಳಿ, ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ತೆಗೆದುಕೊಂಡು ಅವರ ಬಾಗಿಲು ತಲುಪಿದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಬರುವುದೆಂದು ನಿಶ್ಚಯ ಮಾಡಿಕೊಂಡಿದ್ದೆ.

ಬಾಗಿಲು ತೆರೆದದ್ದು ಕಾಕಾನೇ. ಪೈಜಾಮ, ಮಾಸಿದ ಸ್ವೆಟರು, ಬಾಯಲ್ಲಿ ಹಲ್ಲಿಲ್ಲ. ನನ್ನನ್ನು ಕಂಡು ಗಾಬರಿಯಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಬೋಳು ಬಾಯನ್ನು ಊರಿನಲ್ಲಿ ಎಲ್ಲರಿಗಿಂತ ಮೊದಲು ನೋಡಿದವಳೇ ನಾನು, ಆದರೂ ಮುಚ್ಚಿಕೊಂಡರು.

“ಫೋನ್ ಮಾಡಿ ಬರಬಾರದೇನ್ರಿ?” ಎಂದರು ಬೆರಳುಗಳ ಹಿಂದಿನಿಂದ.

ಅವರು ನಕ್ಕರು, ನಾನೂ ನಕ್ಕೆ, ಮತ್ತೆ ಯಾರು ಮೊದಲು ಅತ್ತರೋ ಗೊತ್ತಿಲ್ಲ, ಹೊಸ್ತಿಲಲ್ಲೇ ನಿಂತು ಅತ್ತೆವು. ಎಂಟು ತಿಂಗಳ ಹಿಂದೆ ಆಗಬೇಕಿದ್ದ ಅಳು ಅದು. ಒಳಗೆ ಕೂರಿಸಿ ಚಹಾ ಮಾಡಿದರು. ಕಿಟಕಿಯ ಮೇಲೆ ನನ್ನ ಕರಿಗಾಜು ಇತ್ತು, ಪಕ್ಕದಲ್ಲಿ ನೀರಿನ ಬಟ್ಟಲಲ್ಲಿ ನನ್ನದೇ ಕೆಲಸದ ಹಲ್ಲು.

ಹೊರಡುವಾಗ ಹೇಳಿದೆ, ತಪ್ಪಾಯ್ತು ಕಾಕಾ, ಮುಂದಿನ ಸಲ ಫೋನ್ ಮಾಡಿಯೇ ಬರ್ತೀನಿ ಎಂದು. ಅವರು ಗೇಟಿನವರೆಗೂ ಬಂದಿದ್ದರು, ಆ ಹೊತ್ತಿಗೆ ಹಲ್ಲು ಹಾಕಿಕೊಂಡಿದ್ದರು.

“ಮಾಡಬ್ಯಾಡ್ರಿ,” ಎಂದರು. “ನಾ ಹಲ್ಲ ಹಾಕ್ಕೊಂಡೇ ಕೂತಿರ್ತೀನಿ.”